ಜೀಪು ಮರೆಯಾಗುವ ಹೊತ್ತಿಗೆ

ವಯನಾಡಿನ ವೆಳ್ಳಮುಂಡದಲ್ಲಿ ‘ಎಟ್ಟೇನಾಲ್’ ಎಂಬ ಪೇಟೆಯೊಂದಿದೆ. ಮಲಯಾಳದಲ್ಲಿ ಆ ಪದಕ್ಕೆ ಎಂಟು ಮತ್ತು ನಾಲ್ಕು ಎಂದರ್ಥ. ಅದನ್ನು 8/4 ಎಂದು ಅಂಕೆಯಲ್ಲಿ ಬರೆಯುವುದೂ ಉಂಟು. ಹೊಸಬರಿಗೆ ಇದು ಯಾವುದೋ ಸರ್ವೆ ನಂಬ್ರದಂತೆ ತೋರೀತು. ನಿಜದಲ್ಲಿ ಇದು ಎಂಟು ಮೈಲಿ ನಾಲ್ಕು ಫರ್ಲಾಂಗ್. ಮಾನಂತವಾಡಿಯಿಂದ ನಿರವಿಲ್‌ಪುಳವನ್ನು ಹಾದು ಕುಟ್ಯಾಡಿ ಚುರಂ ಇಳಿಯುವ ರಸ್ತೆಯ ಮೈಲಿಗಲ್ಲೇ ಇಲ್ಲಿ ಊರಿನ ಹೆಸರಾಗಿ ನಿಂತಿದೆ. ಅದೇ ದಾರಿಯಲ್ಲಿ ಮಾನಂತವಾಡಿಗೆ ಹತ್ತಿರವಾಗಿ ‘ನಾಲಾಂ ಮೈಲ್’ ಎಂಬ ಇನ್ನೊಂದು ಊರಿದೆ. ದೇವರ ಹೆಸರಿನಿಂದಲೋ ಮರದ ಹೆಸರಿನಿಂದಲೋ ಊರುಗಳು ಹುಟ್ಟುವ ನಾಡಿನಲ್ಲಿ ಇವು ರಸ್ತೆಯಿಂದ ಹುಟ್ಟಿದ ಊರುಗಳು. ಮೈಲಿ ಹೋಗಿ ಕಿಲೋಮೀಟರು ಬಂದು ಆರು ದಶಕಗಳು ಕಳೆದರೂ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ವಯನಾಡು ಜಿಲ್ಲೆ 1980ರ ನವೆಂಬರ್ 1ರಂದು ರೂಪುಗೊಂಡಿತು. ಇಂದಿಗೂ ಅಲ್ಲಿ ರೈಲು ಹಳಿ ಇಲ್ಲ, ವಿಮಾನ ನಿಲ್ದಾಣ ಇಲ್ಲ, ದೋಣಿಯಲ್ಲಿ ಸರಕು ಸಾಗಿಸಬಹುದಾದ ಹೊಳೆಯೂ ಇಲ್ಲ. ಕರಾವಳಿಯಿಂದ ಮೇಲೇರುವುದಕ್ಕೆ ತಾಮರಶ್ಶೇರಿ, ಕುಟ್ಯಾಡಿ, ಪಾಲ್ಚುರಂ, ಪೇರಿಯ ಮುಂತಾದ ಘಾಟಿಗಳು. ಪೂರ್ವಕ್ಕೆ ಹೋಗುವುದಕ್ಕೆ ಕಾಡಿನ ನಡುವಿನ ಕೆಲವು ದಾರಿಗಳು. ಇಂತಹ ಕಡೆ ವಾಹನವೆಂಬುದು ಅನುಕೂಲಕ್ಕಿಂತ ಹೆಚ್ಚಿನದು. ಬಾಣಾಸುರ ಮಲೆಯ ತಪ್ಪಲಿನ ವೆಳ್ಳಮುಂಡದಂತಹ ಊರಿನಲ್ಲಿ ಮುಖ್ಯರಸ್ತೆಯ ಮೇಲೆ ಬಸ್ಸುಗಳು ಹಾದುಹೋದುವೇ ಹೊರತು ಅಲ್ಲಿಂದ ಕವಲೊಡೆದು ಗುಡ್ಡ ಹತ್ತುವ ಕಚ್ಚಾ ದಾರಿಗಳಿಗೆ ತಿರುಗಲಿಲ್ಲ. ಆ ಕವಲುಗಳಲ್ಲಿ ಓಡಿದ್ದು ಜೀಪು. ಜನರ ಬಾಯಲ್ಲಿ ಅದರ ಹೆಸರು ‘ಟ್ರಿಪ್ ಜೀಪು’. ಪುತ್ತೂರು, ಸುಳ್ಯ, ವಿಟ್ಲ, ಬದಿಯಡ್ಕ ಕಡೆಯ ಓದುಗರಿಗೆ ‘ಸರ್ವಿಸ್ ಜೀಪು’ ಎಂದರೆ ಇನ್ನಾವ ವಿವರಣೆಯೂ ಬೇಡ.

ಈ ಜೀಪು ಈಗ ಮರೆಯಾಗುತ್ತಿದೆ. ಇದು ಒಂದೇ ದಿನದಲ್ಲಿ ನಡೆಯುವ ಸಂಗತಿಯಲ್ಲ. ಕವಲುದಾರಿಗಳಲ್ಲಿ ಸರತಿ ಕಾಯುವ ಜೀಪುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿವೆ, ಅವುಗಳ ಜಾಗದಲ್ಲಿ ಆಟೋ ರಿಕ್ಷಾಗಳು ಸಾಲುಗಟ್ಟಿವೆ, ಆಟೋಗಳ ಹಿಂದೆ ಸ್ವಂತದ ಸ್ಕೂಟರುಗಳೂ ಸಣ್ಣ ಕಾರುಗಳೂ ನಿಂತಿವೆ. ಹೋಗುತ್ತಿರುವುದನ್ನು ಕಂಡು ಊರು ಮರುಗುತ್ತಲೂ ಇದೆ, ನಿಟ್ಟುಸಿರು ಬಿಡುತ್ತಲೂ ಇದೆ. ಎರಡಕ್ಕೂ ಕಾರಣಗಳಿವೆ.

ಮೊದಲು ಮರುಕದ ಮಾತು. ಟ್ರಿಪ್ ಜೀಪಿಗೆ ವೇಳಾಪಟ್ಟಿ ಇರಲಿಲ್ಲ. ತುಂಬಿದಾಗ ಹೊರಡುವುದೇ ಅದರ ವೇಳೆ. ಮುಂದಿನ ಸೀಟಿನಲ್ಲಿ ಚಾಲಕನ ಪಕ್ಕ ಇಬ್ಬರು ಹಿರಿಯರು, ಕೆಲವೊಮ್ಮೆ ಚಾಲಕನ ಇನ್ನೊಂದು ಬದಿಗೆ ಮತ್ತೊಬ್ಬ. ಆ ಮೂರನೆಯವನು ಕುಳಿತಮೇಲೆ ಚಾಲಕ ಅರ್ಧ ಶರೀರವನ್ನು ಹೊರಗಿಟ್ಟೇ ಗಾಡಿ ಓಡಿಸಬೇಕು. ಹಿಂದೆ ಎದುರುಬದುರಾಗಿ ಎರಡು ಉದ್ದ ಸೀಟುಗಳಲ್ಲಿ ಹೆಂಗಸರು, ಅವರ ಮಡಿಲಲ್ಲಿ ಮಕ್ಕಳು, ಕಾಲ ಬಳಿ ರೇಷನ್ ಅಕ್ಕಿ, ಕೋಳಿ ಆಹಾರದ ಚೀಲ, ಸೀಮೆ ಎಣ್ಣೆಯ ಕ್ಯಾನು. ಹಿಂಬದಿಯ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತ ಹುಡುಗರು. ಕರಿಮೆಣಸಿನ ಕೊಯ್ಲಿನಲ್ಲಿ ಮೆಣಸಿನ ಚೀಲ, ಕಾಫಿಯ ಕಾಲದಲ್ಲಿ ಕಾಫಿಯ ಚೀಲ, ಮಳೆಗಾಲದಲ್ಲಿ ಒದ್ದೆ ಕೊಡೆಗಳ ರಾಶಿ. ಹುಡ್ಡಿನ ಬಟ್ಟೆಯ ವಾಸನೆ ಡೀಸೆಲಿನ ವಾಸನೆಯೊಂದಿಗೆ ಸೇರಿದ್ದು ಒಂದು ತಲೆಮಾರಿನ ಮೂಗಿನಲ್ಲಿ ಇನ್ನೂ ಇದೆ.

ಮಧ್ಯರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಬಾಗಿಲು ತಟ್ಟುವುದಕ್ಕೆ ಒಂದು ಮನೆ ಇತ್ತು. ಅದು ವೈದ್ಯರದಲ್ಲ, ಜೀಪು ಚಾಲಕನದು. ಬಾಡಿಗೆಯ ಮಾತು ಆಗ ಬರುತ್ತಿರಲಿಲ್ಲ. ಮೆಣಸು ಮಾರಿದಾಗ ಕೊಟ್ಟರೂ ನಡೆಯುತ್ತಿತ್ತು. ಮಾನಂತವಾಡಿಯ ಆಸ್ಪತ್ರೆಯಲ್ಲಿ ಆಗದಿದ್ದರೆ ಘಾಟಿ ಇಳಿದು ಕೋಯಿಕ್ಕೋಡ್ ಮೆಡಿಕಲ್ ಕಾಲೇಜು. ಅಲ್ಲಿಂದ ಹೆಣವಾಗಿ ಮರಳಿದವರನ್ನೂ ಮನೆಯ ಅಂಗಳದವರೆಗೆ ತಂದು ಇಳಿಸುತ್ತಿದ್ದುದು ಅದೇ ಜೀಪು, ಅದೇ ಚಾಲಕ. ಆಂಬ್ಯುಲೆನ್ಸ್ ಎಂಬ ಪದ ಗುಡ್ಡದ ಮೇಲಿನ ಮನೆಗಳಿಗೆ ತಲಪುವ ಮೊದಲು ಆ ಕೆಲಸ ಅಲ್ಲಿ ನಡೆಯುತ್ತಲೇ ಇತ್ತು. ಊರಿನಲ್ಲಿ ಯಾರಿಗೆ ಏನು ಕಾಯಿಲೆ, ಯಾರ ಮಗಳ ಮದುವೆ ಎಂದು, ಯಾರ ಮನೆಯಲ್ಲಿ ಮುನಿಸು ಎಂಬುದೆಲ್ಲ ಪೋಸ್ಟ್‌ಮ್ಯಾನ್‌ಗಿಂತ ಮೊದಲು ಅವನಿಗೆ ಗೊತ್ತು. ಮುಸಲ್ಮಾನರ ಮನೆಯವರಿಗೆ ಅವನು ‘ಇಕ್ಕ’, ಉಳಿದವರಿಗೆ ‘ಚೇಟ್ಟ’. ಹೆಸರು ಹಿಡಿದು ಕರೆದವರು ಕಡಿಮೆ.

ಈ ಜೀಪಿನ ಬೇರು ಎರಡನೆಯ ಮಹಾಯುದ್ಧದಲ್ಲಿದೆ. ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲಿಸ್ ಜೀಪನ್ನು ಬಿಡಿಭಾಗಗಳಾಗಿ ತರಿಸಿ ಮಹೀಂದ್ರ ಕಂಪೆನಿ 1949ರಲ್ಲಿ ಮುಂಬಯಿಯಲ್ಲಿ ಜೋಡಿಸಿತು. ಮುಂದೆ ಹಲವು ದಶಕಗಳ ಕಾಲ ಹೆಸರು, ಎಂಜಿನು, ಉದ್ದ ಬದಲಾದರೂ ಆಕೃತಿ ಹೆಚ್ಚು ಬದಲಾಗಲಿಲ್ಲ. ಬದಲಾಗದೆ ಇದ್ದುದೇ ಅದರ ಬಲ. ಚಾಸಿ ಇದ್ದರೆ ಸಾಕು, ಉಳಿದುದನ್ನೆಲ್ಲ ಊರಿನ ಗ್ಯಾರೇಜಿನಲ್ಲೇ ಮಾಡಬಹುದಿತ್ತು. ತಗಡು ಬಡಿಯುವವನೊಬ್ಬ, ವೆಲ್ಡಿಂಗಿನವನೊಬ್ಬ, ಸೀಟು ಹೊಲಿಯುವವನೊಬ್ಬ, ಎಲೆಕ್ಟ್ರಿಶಿಯನ್ ಒಬ್ಬ: ಇಷ್ಟು ಮಂದಿ ಇದ್ದ ಪೇಟೆಯಲ್ಲಿ ಜೀಪು ಸಾಯುತ್ತಿರಲಿಲ್ಲ. ಜೀಪಿನ ಜೊತೆಗಿದ್ದುದು ಅಂಬಾಸಡರ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1957ರಿಂದ ಹಿಂದುಸ್ಥಾನ್ ಮೋಟರ್ಸ್ ತಯಾರಿಸಿದ ಈ ಕಾರು ಪೇಟೆಯ ಟ್ಯಾಕ್ಸಿ ನಿಲ್ದಾಣದ ಯಜಮಾನ. ಮದುವೆ, ಮರಣ, ಚುನಾವಣೆ, ಗಲ್ಫಿಗೆ ಹೋಗುವವರನ್ನು ವಿಮಾನ ಹತ್ತಿಸುವುದು ಎಲ್ಲವೂ ಅದರದೇ ಜವಾಬ್ದಾರಿ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅದೇ ವರ್ಷದ ಜನವರಿಯಲ್ಲಿ ಮಾರುತಿ 800 ಕೂಡ ನಿಂತಿತ್ತು. ಅಂಬಾಸಡರನ್ನು ಮೂಲೆಗೆ ತಳ್ಳಿದ ಕಾರು ಅದಕ್ಕಿಂತ ನಾಲ್ಕು ತಿಂಗಳು ಮೊದಲೇ ಕಣ್ಣು ಮುಚ್ಚಿತೆಂಬುದು ವಿಚಿತ್ರವಾದರೂ ನಿಜ.

ಹಾಗಾದರೆ ಜೀಪು ಏಕೆ ಹೋಗುತ್ತಿದೆ? ಹಲವರು ಕಾನೂನನ್ನು ದೂರುತ್ತಾರೆ. ಅದು ಅರ್ಧ ಸತ್ಯ. ಮೊದಲ ಕಾರಣ ರಸ್ತೆಯೇ. ಪಂಚಾಯತುಗಳು ಗುಡ್ಡದ ದಾರಿಗಳಿಗೆ ಕಾಂಕ್ರೀಟು ಹಾಕಿದವು, ಟಾರು ಹಾಕಿದವು. ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಬೇಕಾಗಿದ್ದ ಏರುಗಳನ್ನು ಈಗ ಸ್ಕೂಟರು ಹತ್ತುತ್ತದೆ. ಜೀಪಿಗೆ ಮಾತ್ರ ಸಾಧ್ಯವಾಗಿದ್ದುದು ಎಲ್ಲಕ್ಕೂ ಸಾಧ್ಯವಾದಾಗ ಜೀಪಿನ ಅಗತ್ಯ ತೀರಿತು. ಎರಡನೆಯದು ಸಾಲ. ಕಂತಿನ ಮೇಲೆ ವಾಹನ ಸಿಗುವ ಕಾಲದಲ್ಲಿ ಜೀಪು ತುಂಬುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಹತ್ತು ಮಂದಿ ಪ್ರಯಾಣಿಕರಲ್ಲಿ ನಾಲ್ವರು ಸ್ವಂತ ವಾಹನ ಕೊಂಡರೆ ಉಳಿದ ಆರು ಮಂದಿಗಾಗಿ ಜೀಪು ಹೊರಡುವುದು ತಡವಾಗುತ್ತದೆ. ತಡವಾದಾಗ ಇನ್ನಿಬ್ಬರು ಬೇರೆ ದಾರಿ ನೋಡುತ್ತಾರೆ. ಕೊನೆಗೆ ಉಳಿಯುವವರು ಕೊಳ್ಳಲಾರದವರು, ಓಡಿಸಲಾರದವರು. ಅವರಿಗಾಗಿ ಮಾತ್ರ ಓಡಿದರೆ ಜೀಪಿಗೆ ಡೀಸೆಲಿನ ಹಣವೂ ಹುಟ್ಟುವುದಿಲ್ಲ.

ಮೂರನೆಯ ಕಾರಣ ಕಾನೂನು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ. ಬಳಿಕ ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಗಳಿಗೆ ನವೀಕರಿಸಬಹುದು. ಕೇಂದ್ರ ಸರಕಾರ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ 2022ರ ಏಪ್ರಿಲ್ 1ರಿಂದ ಹಳೆಯ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಅದು 10,000 ರೂಪಾಯಿಯಾಯಿತು. ಬಾಡಿಗೆಗೆ ಓಡುವ ಹಳೆಯ ಗಾಡಿಯ ಎಫ್.ಸಿ. ಶುಲ್ಕವೂ ಇದೇ ರೀತಿ ಹೆಚ್ಚಿತು. ತಗಡು, ವೆಲ್ಡಿಂಗ್, ಟಯರು, ವಿಮೆ ಎಲ್ಲವನ್ನೂ ಕೂಡಿಸಿದರೆ ಒಂದು ಎಫ್.ಸಿ. ಮುಗಿಯುವ ಹೊತ್ತಿಗೆ ಜೀಪಿನ ಮಾರುಕಟ್ಟೆಯ ಬೆಲೆಯ ಒಂದಂಶವೇ ಖರ್ಚಾಗಿರುತ್ತದೆ. ಸರಕಾರದ ಉದ್ದೇಶ ಸ್ಪಷ್ಟ. ಹಳೆಯ ಗಾಡಿ ಹೊಗೆ ಉಗುಳುತ್ತದೆ, ಅದರ ಬ್ರೇಕು ನಂಬುವಂತಿಲ್ಲ, ಅದು ಹೋಗಲಿ. ಈ ಉದ್ದೇಶವನ್ನು ತಪ್ಪೆನ್ನುವಂತಿಲ್ಲ. ಶುಲ್ಕದ ಭಾರ ಮಾತ್ರ ನಗರದಲ್ಲಿ ಒಬ್ಬನೇ ಕುಳಿತು ಹೋಗುವ ಕಾರಿಗೂ ಬಾಣಾಸುರದ ಬುಡದಲ್ಲಿ ಹನ್ನೆರಡು ಮಂದಿಯನ್ನು ಹೊರುವ ಜೀಪಿಗೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟಿದೆ.

ಟ್ರಿಪ್ ಜೀಪು ಹುಟ್ಟಿನಿಂದಲೇ ಕಾನೂನಿನ ಅಂಚಿನಲ್ಲಿ ಬದುಕಿದ ವಾಹನ. ಇದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಪೊಲೀಸರೂ ಚಾಲಕರೂ ಪ್ರಯಾಣಿಕರೂ ಇದನ್ನು ಮೂರು ಬಗೆಯಾಗಿ ತಿಳಿದುಕೊಂಡಿದ್ದಾರೆ. 1988ರ ಕಾಯ್ದೆಯಲ್ಲಿ ಜನರನ್ನು ಬಾಡಿಗೆಗೆ ಸಾಗಿಸುವ ವಾಹನಗಳು ಮುಖ್ಯವಾಗಿ ಎರಡು ವರ್ಗ. ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಮಂದಿಯನ್ನು ಪ್ರತ್ಯೇಕ ಟಿಕೆಟು ಪಡೆದು, ದಾರಿಯಲ್ಲಿ ಹತ್ತಿಸುತ್ತ ಇಳಿಸುತ್ತ ಸಾಗಿಸುವುದು ಸ್ಟೇಜ್ ಕ್ಯಾರೇಜ್, ಅಂದರೆ ಬಸ್ಸು. ಇಡೀ ವಾಹನವನ್ನು ಒಂದು ಒಪ್ಪಂದದ ಮೇಲೆ ಗೊತ್ತುಮಾಡಿಕೊಂಡು ಹೋಗುವುದು ಕಾಂಟ್ರಾಕ್ಟ್ ಕ್ಯಾರೇಜ್, ಅಂದರೆ ಟ್ಯಾಕ್ಸಿ. ಜೀಪಿಗೆ ಸಿಗುತ್ತಿದ್ದುದು ಎರಡನೆಯ ಪರವಾನಿಗೆ. ಅದು ಮಾಡುತ್ತಿದ್ದುದು ಮೊದಲನೆಯ ಕೆಲಸ. ಸ್ವಾರಸ್ಯದ ಸಂಗತಿಯೆಂದರೆ, ಕಾಯ್ದೆಯ 2ನೇ ವಿಧಿಯ 7ನೇ ಉಪವಿಧಿಯಲ್ಲಿರುವ ಕಾಂಟ್ರಾಕ್ಟ್ ಕ್ಯಾರೇಜಿನ ವ್ಯಾಖ್ಯೆ ಮ್ಯಾಕ್ಸಿ ಕ್ಯಾಬ್, ಮೋಟಾರ್ ಕ್ಯಾಬ್‌ಗಳನ್ನು ಒಳಗೊಳ್ಳುವಾಗ ‘ಪ್ರಯಾಣಿಕರಿಂದ ಪ್ರತ್ಯೇಕ ಬಾಡಿಗೆ ಪಡೆದರೂ’ ಎಂಬರ್ಥದ ಮಾತನ್ನು ಸೇರಿಸಿಕೊಂಡಿದೆ. ಅಂದರೆ ತಲೆಗಿಷ್ಟೆಂದು ಹಣ ಪಡೆಯುವುದೊಂದೇ ಅಪರಾಧವಲ್ಲ. ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವುದು, ನಿಗದಿತ ದಾರಿಯಲ್ಲಿ ಬಸ್ಸಿನಂತೆ ಓಡುವುದು, ಆರ್.ಸಿ.ಯಲ್ಲಿ ಬರೆದ ಸಂಖ್ಯೆಯನ್ನು ಮೀರುವುದು ಆಕ್ಷೇಪಕ್ಕೆ ಗುರಿ. ಪರವಾನಿಗೆಯ ಉಲ್ಲಂಘನೆಗೆ 2019ರ ತಿದ್ದುಪಡಿಯ ನಂತರ ದಂಡವೇ 10,000 ರೂಪಾಯಿ. ಬಿಳಿ ಫಲಕದ ಖಾಸಗಿ ಜೀಪು ಬಾಡಿಗೆಗೆ ಓಡಿದರಂತೂ ವಾದಕ್ಕೆ ಎಡೆಯೇ ಇಲ್ಲ.

ಜೀಪಿನ ಉದ್ದ ಹೆಚ್ಚಿಸುವುದು, ಸೀಟು ಸೇರಿಸುವುದು, ತಗಡಿನ ಮಾಡು ಕೂರಿಸುವುದು ಊರಿನ ಗ್ಯಾರೇಜುಗಳ ಕೌಶಲವಾಗಿತ್ತು. ಅದಕ್ಕೂ ಈಗ ಕಡಿವಾಣವಿದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ, ತಯಾರಕರು ನಮೂದಿಸಿದ ಮೂಲ ಲಕ್ಷಣಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ 52ನೇ ವಿಧಿಯನ್ನು ವ್ಯಾಖ್ಯಾನಿಸಿತು. ಊರಿನ ಕಮ್ಮಾರನ ಜಾಣ್ಮೆ ಅಂದಿನಿಂದ ಆರ್.ಟಿ.ಒ. ಕಚೇರಿಯಲ್ಲಿ ದೋಷವೆಂದೇ ಗಣನೆಗೆ ಬರುತ್ತದೆ.

ಈ ಕಟ್ಟುನಿಟ್ಟನ್ನು ಕೇವಲ ಕಾಗದದ ಕಾಟವೆಂದು ತಳ್ಳಿಹಾಕುವವರು ಕಣ್ಣೋತ್ತುಮಲೆಯನ್ನು ನೆನೆಯಬೇಕು. 2023ರ ಆಗಸ್ಟ್ 25, ತಿರುವೋಣಕ್ಕೆ ನಾಲ್ಕು ದಿನಗಳಿದ್ದ ಶುಕ್ರವಾರ. ಮಾನಂತವಾಡಿ ತಾಲೂಕಿನ ತವಿಞಾಲ್ ಪಂಚಾಯತಿನಲ್ಲಿ, ತೇಯಿಲೆ ಕೊಯ್ದು ಮಕ್ಕಿಮಲೆಯ ತಮ್ಮ ಮನೆಗಳಿಗೆ ಮರಳುತ್ತಿದ್ದ ಹೆಂಗಸರನ್ನು ಹೊತ್ತ ಜೀಪು ಕಣ್ಣೋತ್ತುಮಲೆಯ ತಿರುವಿನಲ್ಲಿ ಪ್ರಪಾತಕ್ಕೆ ಉರುಳಿ ಬಂಡೆಗಳ ಮೇಲೆ ಬಿದ್ದು ನುಜ್ಜುಗುಜ್ಜಾಯಿತು. ಚಾಲಕ ಸೇರಿ 14 ಮಂದಿ ಅದರಲ್ಲಿದ್ದರು. ಒಂಬತ್ತು ಮಂದಿ ಹೆಂಗಸರು ತೀರಿಕೊಂಡರು. ಅವರ ಮನೆಗಳಲ್ಲಿ ಆ ವರ್ಷ ಓಣಂ ಇರಲಿಲ್ಲ. ಬೆಳಗ್ಗೆ ಕೆಲಸಕ್ಕೆ ಕರೆದೊಯ್ದು ಸಂಜೆ ಮನೆಗೆ ಬಿಡುತ್ತಿದ್ದ ದಿನನಿತ್ಯದ ಪಯಣ ಅದು. ಆ ಹೆಂಗಸರು ಜೀಪನ್ನು ಆಯ್ದುಕೊಂಡವರಲ್ಲ. ಬೇರೆ ಯಾವುದೂ ಆ ದಾರಿಯಲ್ಲಿ ಅವರ ಹೊತ್ತಿಗೆ ಸಿಗುತ್ತಿರಲಿಲ್ಲ.

ಹೆಚ್ಚು ಜನರನ್ನು ಹೇರಿಕೊಂಡ ವಾಹನಕ್ಕೆ ಅಪಘಾತವಾದರೆ ಏನಾಗುತ್ತದೆಂಬುದು ಗುಡ್ಡದ ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ತಿಳಿಯದು. ಇದು ಮೇಲಿನ ದುರಂತದ ಕುರಿತ ಮಾತಲ್ಲ, ಸಾಮಾನ್ಯ ನಿಯಮ. ಹಿಮಾಚಲ ಪ್ರದೇಶದ ಬಸ್ಸೊಂದರ ಅಪಘಾತದಿಂದ ಹುಟ್ಟಿದ, ನ್ಯಾಷನಲ್ ಇನ್ಶೂರೆನ್ಸ್ ಕಂಪೆನಿ ಮತ್ತು ಅಂಜನಾ ಶ್ಯಾಮ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಒಂದು ಸೂತ್ರ ಹೇಳಿತು: ವಿಮೆಯ ಹೊಣೆ ಪರವಾನಿಗೆಯಲ್ಲಿ ಅನುಮತಿಸಿದ ಸಂಖ್ಯೆಯಷ್ಟು ಪ್ರಯಾಣಿಕರಿಗೆ ಮಾತ್ರ. ಆ ಬಸ್ಸಿನಲ್ಲಿ 42 ಮಂದಿಗೆ ಅನುಮತಿ, ಇದ್ದವರು ಸುಮಾರು 90. ತೀರ್ಪಿನಲ್ಲಿ ಬಂದ ಪರಿಹಾರಗಳ ಪೈಕಿ ಅತಿ ಹೆಚ್ಚಿನ 42ರ ಮೊತ್ತವನ್ನು ವಿಮಾ ಕಂಪೆನಿ ತುಂಬಬೇಕು, ಅದನ್ನು ಎಲ್ಲರಿಗೂ ಪ್ರಮಾಣಾನುಸಾರ ಹಂಚಬೇಕು, ಉಳಿದುದನ್ನು ವಾಹನದ ಮಾಲಕನಿಂದ ವಸೂಲು ಮಾಡಿಕೊಳ್ಳಬೇಕು. ಜೀಪಿನ ಮಾಲಕನ ಬಳಿ ಜೀಪಲ್ಲದೆ ಬೇರೇನಿದೆ? ಆ ಜೀಪೂ ಪ್ರಪಾತದಲ್ಲಿದೆ. ಹಾಗಾಗಿ ಹಿಂಬದಿ ಮೆಟ್ಟಿಲ ಮೇಲೆ ನಿಂತು ಹೋದ ಹುಡುಗ ತನಗೊಬ್ಬನಿಗೆ ಮಾತ್ರ ಅಪಾಯ ತಂದುಕೊಂಡವನಲ್ಲ, ಒಳಗೆ ಕುಳಿತವರ ಪರಿಹಾರದಲ್ಲೂ ಪಾಲುದಾರ. ಇದನ್ನು ಬಲ್ಲವರು ತುಂಬಿ ತುಳುಕುವ ಜೀಪಿನ ಹಳೆಯ ಚಿತ್ರವನ್ನು ಅಷ್ಟು ಸುಲಭವಾಗಿ ಹಾಡಿ ಹೊಗಳಲಾರರು.

ಕಾರಿನ ಸಂಸ್ಕೃತಿ ಇಳಿಯುತ್ತಿದೆ ಎಂಬ ಮಾತು ಇಂದು ಜಗತ್ತಿನ ಬೇರೆಡೆಯೂ ಕೇಳಿಬರುತ್ತದೆ. ಜಪಾನಿನಲ್ಲಿ ತರುಣರು ಕಾರು ಕೊಳ್ಳುವುದರಲ್ಲಿ ಆಸಕ್ತಿ ಕಳೆದುಕೊಳ್ಳುತ್ತಿರುವುದಕ್ಕೆ ‘ಕುರುಮಾ ಬನಾರೆ’ ಎಂಬ ನುಡಿಯೇ ಹುಟ್ಟಿದೆ. ಕುರುಮಾ ಎಂದರೆ ಆ ಭಾಷೆಯಲ್ಲಿ ಕಾರು, ಬನಾರೆ ಎಂದರೆ ಅಗಲುವುದು. (ವಯನಾಡಿನಲ್ಲಿ ಕುರುಮ ಎಂದರೆ ಬಿಲ್ಲುಗಾರಿಕೆಗೆ ಹೆಸರಾದ ಒಂದು ಆದಿವಾಸಿ ಸಮುದಾಯ, ಅಲ್ಲಿನವರು ಈ ಜಪಾನಿ ಪದವನ್ನು ಕೇಳಿದರೆ ಗಾಬರಿಯಾದಾರು.) ಪ್ಯಾರಿಸ್ ನಗರದಲ್ಲಿ ದೊಡ್ಡ ಕಾರುಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡುವುದಕ್ಕೆ 2024ರ ಫೆಬ್ರವರಿಯಲ್ಲಿ ಮತದಾರರೇ ಒಪ್ಪಿಗೆ ಕೊಟ್ಟರು. ಅಲ್ಲಿ ಜನ ಸ್ವಂತ ಕಾರನ್ನು ಬಿಟ್ಟು ಹತ್ತುವುದು ಎಲ್ಲರಿಗೂ ಸೇರಿದ ರೈಲನ್ನು, ಬಸ್ಸನ್ನು. ವೆಳ್ಳಮುಂಡದಲ್ಲಿ ನಡೆಯುತ್ತಿರುವುದು ಇದರ ತಿರುವು ಮುರುವು. ಎಲ್ಲರಿಗೂ ಸೇರಿದ್ದ ಗಾಡಿ ಹೋಗಿ ಒಬ್ಬೊಬ್ಬರಿಗೆ ಒಂದೊಂದು ಗಾಡಿ ಬರುತ್ತಿದೆ. ಹೆಸರಿಗೆ ಎರಡೂ ಅವನತಿಯೇ. ಒಂದರಲ್ಲಿ ರಸ್ತೆ ಖಾಲಿಯಾಗುತ್ತದೆ, ಇನ್ನೊಂದರಲ್ಲಿ ತುಂಬುತ್ತದೆ. ರಜೆಯ ದಿನ ತಾಮರಶ್ಶೇರಿ ಘಾಟಿಯ ಒಂಬತ್ತು ಹಿಮ್ಮುರಿ ತಿರುವುಗಳಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಗಡಿ ದಾಟಿ ಕರ್ನಾಟಕಕ್ಕೆ ಹೋಗುವ ದಾರಿಗಳ ಕಥೆ ಬೇರೆ. ಮಾನಂತವಾಡಿಯಿಂದ ಬಾವಲಿ, ಎಚ್.ಡಿ. ಕೋಟೆ ಮಾರ್ಗವಾಗಿ ಮೈಸೂರಿಗೆ ಹೋಗುವ ರಸ್ತೆ ನಾಗರಹೊಳೆಯ ಕಾಡಿನಲ್ಲಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ. ಕರ್ನಾಟಕ ಹೈಕೋರ್ಟು 2010ರಲ್ಲಿ ಅದನ್ನು ಎತ್ತಿಹಿಡಿಯಿತು. ರಾತ್ರಿಯ ಗಾಡಿಗಳಿಗೆ ಉಳಿದದ್ದು ಕಾಟ್ಟಿಕ್ಕುಳಂ, ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪದ ಸುತ್ತುದಾರಿ. ಆನೆಗಳಿಗಾಗಿ ಮನುಷ್ಯನ ಗಾಡಿ ನಿಂತ ಈ ಏರ್ಪಾಡನ್ನು ವಯನಾಡಿನವರು ಬಹಳ ಕಾಲ ಅನ್ಯಾಯವೆಂದೇ ಬಗೆದರು, 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸವನ್ನೂ ಕುಳಿತರು. ಇದೇ ದಾರಿಗಳಲ್ಲಿ ಹಗಲು ಹೊತ್ತು ಪಣಿಯ, ಅಡಿಯ ಸಮುದಾಯಗಳ ಕೂಲಿಯಾಳುಗಳನ್ನು ತುಂಬಿಕೊಂಡು ಕೊಡಗಿನ ಕಾಫಿ ತೋಟಗಳಿಗೂ ಶುಂಠಿ ಹೊಲಗಳಿಗೂ ಜೀಪುಗಳು ಹೋಗುತ್ತವೆ. ಅವುಗಳ ಕುರಿತು ಮಾತ್ರ ಉಪವಾಸ ಕುಳಿತವರಿಲ್ಲ. ವೆಳ್ಳಮುಂಡದ ಜೀಪು ನಿಲ್ದಾಣ ಖಾಲಿಯಾದರೂ ಕೂಲಿಯವರನ್ನು ಸಾಗಿಸುವ ಜೀಪು ನಿಂತಿಲ್ಲ. ಮಕ್ಕಿಮಲೆಯವರೂ ಅಂಥದರಲ್ಲೇ ಹೋದವರು. ಉಳ್ಳವನು ಮೊದಲು ಇಳಿದು ಹೋಗುತ್ತಾನೆ, ಇಲ್ಲದವನು ಕೊನೆಯ ಜೀಪಿನಲ್ಲಿ, ಎಲ್ಲಕ್ಕಿಂತ ಹಳೆಯ ಜೀಪಿನಲ್ಲಿ ಉಳಿಯುತ್ತಾನೆ.

ಜೀಪಿನ ಇನ್ನೊಂದು ಸಂತತಿ ಮಾತ್ರ ಬಲು ಚೆನ್ನಾಗಿ ಬಾಳುತ್ತಿದೆ. ಮಹೀಂದ್ರ ಕಂಪೆನಿ 2010ರಲ್ಲಿ ‘ಥಾರ್’ ಎಂಬ ಹೆಸರಿನಲ್ಲಿ ತಂದು 2020ರಲ್ಲಿ ಹೊಸ ರೂಪ ಕೊಟ್ಟ ಜೀಪು ಇಂದು ಶ್ರೀಮಂತ ತರುಣರ ಆಟಿಕೆ. ಅದೇ ಕಂಪೆನಿ ಗುರುವಾಯೂರು ದೇವಸ್ಥಾನಕ್ಕೆ 2021ರ ಡಿಸೆಂಬರಿನಲ್ಲಿ ಕಾಣಿಕೆಯಾಗಿ ಒಪ್ಪಿಸಿದ ಥಾರ್ ಮೊದಲ ಹರಾಜಿನಲ್ಲಿ 15.10 ಲಕ್ಷ ರೂಪಾಯಿಗೆ ಹೋಗಿ, ವಿವಾದವೆದ್ದು, 2022ರ ಜೂನಿನ ಮರುಹರಾಜಿನಲ್ಲಿ 43 ಲಕ್ಷ ರೂಪಾಯಿ ತಂದಿತು. ವಯನಾಡಿನಲ್ಲಿ ಪ್ರವಾಸಿಗಳನ್ನು ಬೆಟ್ಟದ ನೆತ್ತಿಗೆ ಹತ್ತಿಸಿ ಕುಲುಕಾಡಿಸಿ ಇಳಿಸುವ ಜೀಪುಗಳಿವೆ. ಊರಿನವರು ತಪ್ಪಿಸಿಕೊಳ್ಳಬೇಕೆಂದು ಹಂಬಲಿಸಿದ ಕುಲುಕಾಟಕ್ಕೆ ಈಗ ಟಿಕೆಟು. ಹಳೆಯ ಚಾಲಕರಲ್ಲಿ ಕೆಲವರು ಈ ಕೆಲಸಕ್ಕೆ ತಿರುಗಿದ್ದಾರೆ, ತಪ್ಪೇನೂ ಇಲ್ಲ, ಹೊಟ್ಟೆ ತುಂಬಬೇಕಲ್ಲ. 2021ರ ಜುಲೈಯ ನಿಯಮಗಳು 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ‘ವಿಂಟೇಜ್’ ಎಂಬ ಪಟ್ಟ ಕೊಟ್ಟು, 20,000 ರೂಪಾಯಿ ಶುಲ್ಕದ ಮೇಲೆ ಪ್ರತ್ಯೇಕ ಸರಣಿಯ ನಂಬ್ರವನ್ನೂ ಕೊಡುತ್ತವೆ. ಆದರೆ ಅದನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ಇಂಧನ ತುಂಬಿಸುವುದಕ್ಕೆ ಇತ್ಯಾದಿಯಾಗಿ ಹೊರತೆಗೆಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಓಡಿಸುವುದಂತೂ ಸಲ್ಲದು. ಜೀಪು ದುಡಿಯುತ್ತಿರುವಷ್ಟು ಕಾಲ ಅದು ಹಳೆಯ ತಗಡು, ದುಡಿಯುವುದನ್ನು ನಿಲ್ಲಿಸಿದ ಮೇಲೆ ಪರಂಪರೆ.

ಜೀಪಿನ ಜಾಗಕ್ಕೆ ಬಸ್ಸು ಬರಬೇಕಲ್ಲವೇ ಎಂದು ಕೇಳಬಹುದು. ಬರಬೇಕು. ಸ್ಥಳೀಯಾಡಳಿತ ಸಂಸ್ಥೆಗಳು ಇಂಧನದ ಖರ್ಚು ಹೊತ್ತರೆ ಕೆ.ಎಸ್.ಆರ್.ಟಿ.ಸಿ. ಹಳ್ಳಿಗಳಿಗೆ ಬಸ್ಸು ಓಡಿಸುವ ‘ಗ್ರಾಮವಂಡಿ’ ಯೋಜನೆಯನ್ನು ಕೇರಳ ಸರಕಾರ 2022ರಲ್ಲಿ ಆರಂಭಿಸಿತು. ಗಡಿಯಾಚೆ ಕರ್ನಾಟಕದಲ್ಲಿ 2023ರ ಜೂನಿನಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಕುಟ್ಟದ ಹೆಂಗಸಿಗೆ ಇರುವ ಈ ಸವಲತ್ತು ಕೆಲವೇ ಕಿಲೋಮೀಟರು ಈಚೆಯ ತೋಲ್ಪೆಟ್ಟಿಯ ಹೆಂಗಸಿಗೆ ಆಗ ದೊರೆಯಲಿಲ್ಲ. ಆದರೆ ಉಚಿತವಾಗಲಿ ಟಿಕೆಟಾಗಲಿ, ಬಸ್ಸು ಬಂದಲ್ಲಿ ಮಾತ್ರ ಅದರ ಪ್ರಯೋಜನ. ಪುಳಿಞಾಲ್, ವಾಳಾರಂಕುನ್ನು ಕಡೆಯ ಏರುದಾರಿಗಳಲ್ಲಿ ದೊಡ್ಡ ಬಸ್ಸು ತಿರುಗುವುದೇ ಕಷ್ಟ, ತಿರುಗಿದರೂ ತುಂಬುವಷ್ಟು ಮಂದಿ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಅಲ್ಲಿಗೆ ಸರಿಯಾದ ಅಳತೆ ಹತ್ತು ಹನ್ನೆರಡು ಮಂದಿಯ ವಾಹನವೇ. ಜೀಪು ಆ ಅಳತೆಯನ್ನು ಎಂದೋ ಕಂಡುಕೊಂಡಿತ್ತು.

ಹಾಗೆಂದು ಬ್ರೇಕು ಸವೆದ ಹಳೆಯ ಜೀಪನ್ನೇ ಮರಳಿ ತರಬೇಕೆಂದು ಯಾರೂ ಹೇಳಲಾರರು. ಬೇಕಾಗಿರುವುದು ಜೀಪು ಮಾಡುತ್ತಿದ್ದ ಕೆಲಸ: ಕರೆದಲ್ಲಿ ನಿಲ್ಲುವ, ತಲೆಗಿಷ್ಟೆಂದು ಪಡೆಯುವ, ವಿಮೆ ಇರುವ, ಸಂಖ್ಯೆ ಮೀರದ ಸಣ್ಣ ಗಾಡಿ. ಇದಕ್ಕೆ ಕಾನೂನಿನಲ್ಲಿ ಬಾಗಿಲೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಯ 67ನೇ ವಿಧಿಗೆ ಮೂರನೆಯ ಉಪವಿಧಿಯೊಂದನ್ನು ಸೇರಿಸಿದೆ. ಕಾಯ್ದೆಯಲ್ಲಿ ಬೇರೇನೇ ಇದ್ದರೂ, ರಾಜ್ಯ ಸರಕಾರ ಅಧಿಸೂಚನೆಯ ಮೂಲಕ ಪರವಾನಿಗೆಗಳನ್ನು ಮಾರ್ಪಡಿಸಬಹುದು, ಪ್ರಯಾಣಿಕರ ಸಾಗಾಟಕ್ಕೆ ಯೋಜನೆ ರೂಪಿಸಿ ಅದರಡಿ ಲೈಸೆನ್ಸು ಕೊಡಬಹುದು ಎಂದು ಅದು ಹೇಳುತ್ತದೆ. ಅಲ್ಲಿ ಪಟ್ಟಿ ಮಾಡಿದ ಉದ್ದೇಶಗಳಲ್ಲಿ ಮೊದಲನೆಯದು ಪ್ರಯಾಣದ ಕೊನೆಯ ಮೈಲಿನ ಸಂಪರ್ಕ, ಎರಡನೆಯದು ಗ್ರಾಮೀಣ ಸಾರಿಗೆ. ಬಸ್ಸು ಇಳಿದಲ್ಲಿಂದ ಮನೆಯವರೆಗಿನ ದೂರವೇ ಈ ಕೊನೆಯ ಮೈಲು. ಎಟ್ಟೇನಾಲಿನಂತಹ ಪೇಟೆಯಲ್ಲಿ ಬಸ್ಸು ಇಳಿದು, ಚೀಲವನ್ನು ಸೊಂಟಕ್ಕೇರಿಸಿ ಏರುದಾರಿ ಹಿಡಿಯುವ ಮುದುಕಿಗೆ ಆ ಕೊನೆಯ ಮೈಲು ಎಷ್ಟು ಫರ್ಲಾಂಗೆಂಬುದು ಚೆನ್ನಾಗಿ ಗೊತ್ತಿದೆ. ಯೋಜನೆ ಬೇಕೆಂದು ಪಂಚಾಯತಿನ ಗ್ರಾಮಸಭೆ ಠರಾವು ಮಾಡಿ ಸರಕಾರಕ್ಕೆ ಕಳುಹಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಶುಲ್ಕವೂ ಇಲ್ಲ.